ದೊಡ್ಡವ್ವನ ಮನೆಯ ಎರಡು ಮರಿಗಳು

ವಡ್ಡೆಪಲ್ಲಿಯ ಆ ಮನೆಯಲ್ಲಿ ನನ್ನನ್ನು 'ಮರಿ' ಎಂದು ಕರೆಯುತ್ತಾರೆ ಅಂತ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ನಂಬಿಕೊಂಡಿದ್ದೆ. ಆಮೇಲಿನ ಬದುಕಿನಲ್ಲಿ ನಂಬಬಾರದ್ದನ್ನು ನಂಬಿದ್ದು ಬೇಕಾದಷ್ಟಿದೆ, ಅವುಗಳನ್ನೆಲ್ಲ ನಾನು ಮರೆತಿದ್ದೇನೆ. ಇದೊಂದು ಮಾತ್ರ ಗದ್ವಾಲಿನ ಈ ಮನೆಯಲ್ಲಿ ಒಬ್ಬಳೇ ತಾಟು ಮುಂದಿಟ್ಟುಕೊಂಡು ಕೂತಾಗ ನೆನಪಾಗುತ್ತದೆ. ಬದುಕಿಡೀ ಮಕ್ಕಳಿಗೆ ತೆಲುಗು ಕಲಿಸಿದವಳು ನಾನು. ಕನ್ನಡದ ಅಕ್ಷರವನ್ನು ದೊಡ್ಡವಳಾದ ಮೇಲೆ ನಾನಾಗಿಯೇ ಕಲಿತೆ. ಎರಡು ಭಾಷೆ ಬಲ್ಲವಳು ಜಾಣೆ ಅಂತಾರೆ ಜನ. ಎರಡು ಭಾಷೆಯ ಮಧ್ಯೆ ಸಿಕ್ಕಿಕೊಂಡ ಏಳು ವರ್ಷದ ಹುಡುಗಿಯನ್ನು ಅವರು ನೋಡಿಲ್ಲ, ಅದಕ್ಕೆ ಹಾಗೆ ಅಂತಾರೆ.

ನಮ್ಮೂರು ದಾಮರಗಿದ್ದ. ಉಗಾದಿ ಮುಗಿಯುತ್ತಿದ್ದಂತೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಮೇಸ್ತ್ರಿಯ ಹಿಂದೆ ಜನ ಗುಂಪುಗಟ್ಟಿಕೊಂಡು ಬೊಂಬಾಯಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಆ ವರ್ಷ ನಮ್ಮ ಮನೆಗೂ ಬೀಗ ಬಿತ್ತು. ತಮ್ಮ ಇನ್ನೂ ಎದೆಹಾಲು ಕುಡಿಯುತ್ತಿದ್ದ, ಹಾಗಾಗಿ ಅವನು ಅವ್ವನ ಜೊತೆ. ನಾನು ಶಾಲೆಗೆ ಹೋಗಬೇಕಾದವಳು, ಹಾಗಾಗಿ ನಾನು ದೊಡ್ಡವ್ವನ ಮನೆಗೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆಕೆ ತವರೂರು ವಡ್ಡೆಪಲ್ಲಿಗೆ ಹೋಗಿ ತಾಯಿ ಬಿಟ್ಟುಹೋದ ಮನೆ ಹೊಲ ನೋಡಿಕೊಂಡಿದ್ದಳು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಬಾಳಿದರೂ ಆಕೆಯ ಬಾಯಲ್ಲಿ ಕನ್ನಡ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಅದಕ್ಕೆ ನಮ್ಮ ಅಜ್ಜಿ ಆಡಿಕೊಳ್ಳುತ್ತಿದ್ದಳು:

"ಆಕಿ ಕೃಷ್ಣಾ ದಾಟಿ ಬಂದಾಳ ಖರೆ, ಆಕಿ ನಾಲಿಗಿ ಇನ್ನಾ ಆ ದಂಡ್ಯಾಗ ಐತಿ."

ಮಕ್ತಲ್ ಮೇಲಿಂದ ಗದ್ವಾಲಿಗೆ ಬಂದು, ಅಲ್ಲಿ ವಡ್ಡೆಪಲ್ಲಿಯ ಬಸ್ಸಿಗೆ ಕಾಯುವಾಗ ಅವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಹೆಣೆಯುವ ಅಗತ್ಯವೇನೂ ಇರಲಿಲ್ಲ. ತಮ್ಮ ಅವಳ ತೊಡೆಯ ಮೇಲೆ ಮಲಗಿದ್ದ. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಇನ್ನೂ ಹಾಲು ಕುಡಿಯುವ ನೆಪದಲ್ಲಿ ಅವ್ವನನ್ನು ಪೂರ್ತಿ ತಗೊಂಡು ಹೋಗುತ್ತಿದ್ದಾನಲ್ಲ ಎಂದು.

"ದೊಡ್ಡವ್ವ ಹೇಳಿದಂಗ ಕೇಳು. ಕೊಟ್ಟಿದ್ದು ತಿನ್ನು, ಅದು ಬೇಕು ಇದು ಬೇಕು ಅನಬ್ಯಾಡ. ದೀಪಾಳಿಗಿ ಬಂದು ಕರ್ಕೊಂಡು ಹೋಗ್ತೀವಿ," ಅಂದಳು ಅವ್ವ.

ಅಪ್ಪ ಆಚೀಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದ:

"ಅಲ್ಲಿ ಪಾಲಿನ ಮಾತು ಬಂದ್ರ ನೀ ಬಾಯಿ ಬಿಡಬ್ಯಾಡವಾ. ನಮಗ ಏನೂ ಬ್ಯಾಡ ಅನ್ನು."

ದೊಡ್ಡಪ್ಪ ಹೋದ ಮೇಲೆ ಹೊಲದ ಪಾಲಿನ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಗಿತ್ತು. ದೊಡ್ಡವ್ವ ಆ ಜಗಳದಿಂದ ಎದ್ದು, ತನ್ನ ಸೀರೆಯ ಗಂಟೊಂದನ್ನೇ ಹಿಡಿದು ಹೊರಟುಹೋದವಳು. ಅಂಥವಳ ಮನೆಗೇ ಮಗಳನ್ನು ಕಳಿಸಬೇಕಾಗಿ ಬಂತಲ್ಲ ಎಂಬ ನಾಚಿಕೆ ಅಪ್ಪನಿಗೆ ಇತ್ತೆಂದು ಈಗ ಅನಿಸುತ್ತದೆ. ಆಗ ನನಗೆ ತಿಳಿದದ್ದು ಇಷ್ಟೇ, 'ಪಾಲು' ಅನ್ನುವುದು ಮನೆ ಒಡೆಯುವ ಮಾತು. ಅದೇ ಸಂಜೆ ಅಪ್ಪ ಅವ್ವ ವಾಪಸು ಬಸ್ಸು ಹತ್ತಿದ ಮೇಲೆ, ಒಲೆಯ ಮುಂದೆ ಕೂತಿದ್ದ ದೊಡ್ಡವ್ವ ನನ್ನತ್ತ ತಿರುಗಿ ಮೊದಲ ಮಾತು ಆಡಿದಳು:

"ಪಾಲು ಕಾವಾಲ್ನಾ?"

ಅಪ್ಪ ಹೇಳಿದ್ದು ಇಷ್ಟು ಬೇಗ ನಡೆದುಹೋಯಿತಲ್ಲ. ನಾನು ಎದ್ದು ನಿಂತು, ಕೈ ಕಟ್ಟಿಕೊಂಡು, ಒಪ್ಪಿಸಿದೆ:

"ಬ್ಯಾಡ್ರಿ. ನಮಗ ಪಾಲು ಬ್ಯಾಡ್ರಿ. ಹೊಲ ಎಲ್ಲಾ ನೀವೇ ಇಟ್ಟುಕೋರಿ."

ದೊಡ್ಡವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದು ನಾನು ಹೆದರಿದೆ. ತಿರುಗಿದಾಗ ಮುಖ ಮೊದಲಿನಂತೆಯೇ ಬಿಗಿಯಾಗಿತ್ತು; ಕಂಚಿನ ಲೋಟದಲ್ಲಿ ಬಿಸಿ ಹಾಲು ತಂದು ನನ್ನ ಕೈಯಲ್ಲಿಟ್ಟಳು. ತೆಲುಗಿನಲ್ಲಿ ಪಾಲು ಎಂದರೆ ಹಾಲು, ಆಕೆ ಕೇಳಿದ್ದು ಹಾಲು ಬೇಕಾ ಅಂತ ಎಂದು ನಾನು ಕಲಿತದ್ದು ಹೀಗೆ. ಆಕೆಗೆ ನಮ್ಮ ಕನ್ನಡ ಪೂರ್ತಿ ತಿಳಿಯುತ್ತದೆ ಎಂಬುದೂ ಅವತ್ತೇ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ.

"ತಾಗು ಮರಿ," ಅಂದಳು ದೊಡ್ಡವ್ವ.

ತಾಗು ಎಂದರೆ ಕುಡಿ ಎಂದು ಲೋಟ ನೋಡಿದರೇ ತಿಳಿಯುತ್ತಿತ್ತು. ಮರಿ ಅನ್ನುವುದನ್ನು ಯಾರೂ ತಿಳಿಸಬೇಕಾಗಿರಲಿಲ್ಲ. ಆಡಿನ ಮರಿ, ಕುರಿಯ ಮರಿ, ಹಕ್ಕಿಯ ಮರಿ. ಮುದ್ದಿನ ಮಕ್ಕಳನ್ನು ನಮ್ಮೂರಲ್ಲಿ ಕರೆಯುವುದೇ ಹಾಗೆ. ಆ ರಾತ್ರಿ ಊಟಕ್ಕೆ 'ತಿನು ಮರಿ' ಅಂದಳು, ಹಾಸಿಗೆ ಹಾಸಿ 'ಪಂಡುಕೋ ಮರಿ' ಅಂದಳು. ಮುಖದಲ್ಲಿ ನಗು ಅನ್ನುವುದು ಒಂದು ಕಾಳಿನಷ್ಟೂ ಇಲ್ಲ, ತಲೆ ಸವರುವುದಿಲ್ಲ, ಹತ್ತಿರ ಕರೆಯುವುದಿಲ್ಲ, ಆದರೆ ಮಾತಿಗೊಮ್ಮೆ ಮರಿ. ಪಾಲು ನನಗೆ ಮೋಸ ಮಾಡಿತೆಂದು ತಿಳಿದ ಮೇಲೂ ಮರಿಯ ಮೇಲೆ ನನಗೆ ಅನುಮಾನ ಬರಲಿಲ್ಲ. ಬೇಕಾಗಿದ್ದ ಮಾತನ್ನು ಯಾರು ಅನುಮಾನಿಸುತ್ತಾರೆ.

ಮನೆ ಉದ್ದಕ್ಕೆ ಇತ್ತು. ಮುಂದೆ ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಹಿತ್ತಿಲ ಬಾಗಿಲು. ಬಾಗಿಲಾಚೆ ಆಡು ಕಟ್ಟುವ ಗೂಟ, ಅದರಾಚೆ ಹೊಲ. ನೆಲಕ್ಕೆಲ್ಲ ನುಣುಪಾದ ಬಂಡೆ ಹಾಸಿತ್ತು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕೆನ್ನೆಯಿಟ್ಟು ಮಲಗಿದರೆ ತಣ್ಣಗಿರುತ್ತಿತ್ತು. ದೊಡ್ಡವ್ವ ಬೆಳಗಿನ ಜಾವಕ್ಕೆ ಎದ್ದು ಮೈ ತೊಳೆದುಕೊಂಡು ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಉಳಿದದ್ದನ್ನು ನನ್ನ ಹಣೆಗೆ ಎಳೆದು, ಬೆರಳಲ್ಲಿ ಇನ್ನೂ ಮಿಕ್ಕಿದ್ದನ್ನು ಹಿತ್ತಿಲಿಗೆ ಹೋಗಿ ಆಡಿನ ಹಣೆಗೆ ಒರೆಸುತ್ತಿದ್ದಳು. ಆ ಮನೆಯಲ್ಲಿ ಆಡು, ನಾನು ಮತ್ತು ಆಕೆ ಒಂದೇ ವಿಭೂತಿಯವರು. ಆಮೇಲೆ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ನನ್ನ ಪಾಲಿನದನ್ನು ಗಂಗಾಳದಲ್ಲಿ ಮುಚ್ಚಿಟ್ಟು ಹೊಲಕ್ಕೆ ಹೋದರೆ ಬರುತ್ತಿದ್ದುದು ಹೊತ್ತಿಳಿದ ಮೇಲೆ. ಶಾಲೆಗೆ ಇನ್ನೂ ಬೇಸಿಗೆ ರಜೆ, ಅಷ್ಟು ಹೊತ್ತೂ ನಾನು ಒಬ್ಬಳೇ. ಓಣಿಯ ಮಕ್ಕಳು ನನ್ನನ್ನು 'ಕನ್ನಡ ಪಿಲ್ಲ', ಕನ್ನಡದ ಹುಡುಗಿ, ಅನ್ನುತ್ತಿದ್ದರು. ನಾನು ಬಾಯಿ ತೆರೆದರೆ ಸಾಕು, ಅಣಕಿಸಿ ನಗುತ್ತಿದ್ದರು. ಹಾಗಾಗಿ ಬಾಯಿ ತೆರೆಯುವುದನ್ನೇ ಬಿಟ್ಟೆ. ಕೆಲವು ದಿನ ಸಂಜೆಯಾಗುವಷ್ಟರಲ್ಲಿ ನನ್ನ ದನಿ ನನಗೇ ಮರೆತುಹೋಗಿರುತ್ತಿತ್ತು. ಆಗ ನೀರಿನ ಕೊಡದೊಳಗೆ ಮುಖವಿಟ್ಟು 'ಯವ್ವಾ' ಅನ್ನುತ್ತಿದ್ದೆ. ಕೊಡವಾದರೂ ಕನ್ನಡದಲ್ಲೇ ತಿರುಗಿ ಹೇಳುತ್ತಿತ್ತು.

ಚಿಗರಿ ಮರಿ ಬಂದದ್ದು ಆ ಬೇಸಿಗೆಯ ಕೊನೆಗೆ. ಜಿಂಕೆಗೆ ನಮ್ಮ ಕಡೆ ಚಿಗರಿ ಅನ್ನುತ್ತಾರೆ. ಬೇಸಿಗೆಯಲ್ಲಿ ರಾಯಚೂರು ಕಡೆಯ ಕುರುಬರು ಕುರಿ ಹೊಡೆದುಕೊಂಡು ಬಂದು, ಗೊಬ್ಬರವಾಗಲೆಂದು ಖಾಲಿ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಿದ್ದರು. ದೊಡ್ಡವ್ವನ ಹೊಲಕ್ಕೆ ಬರುತ್ತಿದ್ದವನು ಬೀರಪ್ಪ ಅಂತ, ವಯಸ್ಸಾದವನು. ಒಂದು ಬೆಳಿಗ್ಗೆ ಅವನು ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದ. ಬಿಚ್ಚಿದರೆ ಕಾಲೇ ಹೆಚ್ಚು, ಮೈಯೇ ಕಡಿಮೆ ಇದ್ದ ಒಂದು ಪ್ರಾಣಿ. ಕಿವಿ ಎಲೆಯಷ್ಟು ತೆಳ್ಳಗೆ. ಅದರ ಎದೆ ಬಡಿದುಕೊಳ್ಳುವುದು ಚರ್ಮದ ಮೇಲೆಯೇ ಕಾಣುತ್ತಿತ್ತು.

"ಚಿಗರಿ ಮರಿ ಐತಿ ನೋಡವಾ. ತಾಯೀನ ನಾಯಿ ಹಿಡದಾವು. ಕುರಿ ಮೊಲಿಗೆ ಬಿಟ್ಟೆ, ಒದಿತಾವು. ನಿನ್ನ ಆಡು ಸಾದು ಐತಿ, ನಾಕು ದಿನ ಕುಡಿಸು. ಜಂಗ್ಲಾತ್‌ನೋರ ಕಣ್ಣಿಗೆ ಮಾತ್ರ ಬೀಳಬಾರ್ದು," ಅಂದ ಬೀರಪ್ಪ, ಅರಣ್ಯ ಇಲಾಖೆಯವರಿಗೆ ಹೆದರಿ.

ಎಷ್ಟೋ ದಿನದ ಮೇಲೆ ಕಿವಿಗೆ ಕನ್ನಡ ಬಿದ್ದಿತ್ತು. ನಾನು ಚಿಗರಿ ನೋಡುವುದು ಬಿಟ್ಟು ಬೀರಪ್ಪನ ಬಾಯಿಯನ್ನೇ ನೋಡುತ್ತ ನಿಂತೆ. ದೊಡ್ಡವ್ವ ತೆಲುಗಿನಲ್ಲಿ, ಇದು ನಮ್ಮದಲ್ಲ, ಕಾಲಿಗೆ ಬಲ ಬಂದರೆ ತನ್ನವರ ಹಿಂದೆ ಹೋಗತಕ್ಕದ್ದು, ಹಗ್ಗ ಮಾತ್ರ ಹಾಕಬಾರದು ಎಂದಳು. ಆಮೇಲೆ ಬಟ್ಟೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಅದರ ಬಾಯಿಗಿಟ್ಟಳು.

"ತಾಗು ಮರಿ."

ನನಗೆ ಕಿವಿಯವರೆಗೆ ಬಿಸಿಯಾಯಿತು. ಅದು ನನ್ನ ಹೆಸರು. ಬಂದ ಮೊದಲ ದಿನವೇ ಈ ಪ್ರಾಣಿ ನನ್ನ ಹಾಲು, ನನ್ನ ಹೆಸರು ಎರಡನ್ನೂ ತಗೊಂಡಿತು. ಅವತ್ತೆಲ್ಲ ಅದರ ಹತ್ತಿರ ಹೋಗಲಿಲ್ಲ. ಮರುದಿನ ದೊಡ್ಡವ್ವ ಹೊಲಕ್ಕೆ ಹೋದ ಮೇಲೆ ಅದು ನಡುಮನೆಯ ಕತ್ತಲೆಯಲ್ಲಿ ಎದ್ದು ನಿಲ್ಲಲು ನೋಡಿತು. ಗೊರಸು ಬಂಡೆಯ ಮೇಲೆ ಜಾರಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ ಹೊಟ್ಟೆಯ ಮೇಲೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ನಾನು ಮೂಲೆಯಲ್ಲಿದ್ದ ಗೋಣಿಚೀಲ ಎಳೆದು ಅದರ ಕಾಲ ಕೆಳಗೆ ಹಾಸಿದೆ. ನಿಂತುಕೊಂಡಿತು. ನಡುಗುತ್ತ ನನ್ನ ಮೊಣಕೈಗೆ ಮೂತಿ ತಾಗಿಸಿತು. ಆಗ ನನ್ನ ಬಾಯಿಂದ ಎಷ್ಟೋ ದಿನಗಳ ಕನ್ನಡ ಒಮ್ಮೆಗೇ ಹೊರಬಿತ್ತು. ನಮ್ಮೂರು ಯಾವುದು, ತಮ್ಮನ ಹೆಸರು ಏನು, ಬೊಂಬಾಯಿ ಎಷ್ಟು ದೂರ, ಎಲ್ಲ ಹೇಳಿದೆ. ಅದು ಕಿವಿ ನಿಮಿರಿಸಿ ಕೇಳಿತು. ನನ್ನ ಮಾತಿಗೆ ನಗದೆ ಕೇಳಿದ್ದು ಆ ಊರಲ್ಲಿ ಅದೊಂದೇ.

ಅಲ್ಲಿಂದ ಮುಂದೆ ಮನೆಯಲ್ಲಿದ್ದ ಹಳೇ ಗೋಣಿಚೀಲವೆಲ್ಲ ನೆಲಕ್ಕೆ ಬಿತ್ತು. ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಿಲ ಬಾಗಿಲಿಗೆ ಒಂದರ ಪಕ್ಕ ಒಂದು ಹಾಸಿ ದಾರಿ ಮಾಡಿದೆ. ಚಿಗರಿ ಆ ದಾರಿ ಬಿಟ್ಟು ಬಂಡೆಯ ಮೇಲೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ದೊಡ್ಡವ್ವ ಕಾಲಿಗೆ ತೊಡರಿಕೊಂಡಾಗ ಗೊಣಗುತ್ತಿದ್ದಳು, ತೆಗೆಯುತ್ತಿರಲಿಲ್ಲ. ಬೆಳಗಿನ ವಿಭೂತಿ ಈಗ ನಾಲ್ಕು ಹಣೆಗೆ ಹಂಚಿಕೆಯಾಗುತ್ತಿತ್ತು. 'ರಾ ಮರಿ' ಎಂದು ದೊಡ್ಡವ್ವ ಅಡಿಗೆಮನೆಯಿಂದ ಅಂದರೆ ನಾವಿಬ್ಬರೂ ಒಟ್ಟಿಗೆ ಎದ್ದು, ಅದು ಗೋಣಿಯ ಮೇಲೆ, ನಾನು ಬಂಡೆಯ ಮೇಲೆ ಹೋಗುತ್ತಿದ್ದೆವು. ನನ್ನ ಹೆಸರನ್ನು ಹಂಚಿಕೊಂಡದ್ದಕ್ಕೆ ಮೊದಲಿನಂತೆ ಸಿಟ್ಟಿರಲಿಲ್ಲ. ಒಂದೇ ಹೆಸರಿನವರು ಅಕ್ಕತಂಗಿ ಇದ್ದಂತೆ ಎಂದು ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ.

ಮಳೆ ಬಿದ್ದ ಮೇಲೆ ದೊಡ್ಡವ್ವ ನನ್ನನ್ನು ಊರ ತೆಲುಗು ಶಾಲೆಗೆ ಹಾಕಿದಳು, ಅಕ್ಷರ ಕೂಡಿಸಿ ಓದುವುದನ್ನು ಅಲ್ಲಿ ಕಲಿತೆ. ಮಳೆಗಾಲ ಮುಗಿಯಿತು. ಚಿಗರಿಯ ಕಾಲಿಗೆ ಬಲ ಬಂತು. ಹಿತ್ತಿಲು ದಾಟಿ ಹೊಲದ ಒಡ್ಡಿನವರೆಗೆ ಹೋಗಿ ಚಿಗುರು ತಿಂದು ಸಂಜೆಗೆ ಬರುತ್ತಿತ್ತು. ದೀಪಾವಳಿಗೆ ಅವ್ವ ಬರಲಿಲ್ಲ. ಕೆಲಸ ಮುಗಿದಿಲ್ಲ, ಉಗಾದಿಗೆ ಬರುತ್ತಾರೆ ಎಂದು ಮೇಸ್ತ್ರಿಯ ಕಡೆಯವನೊಬ್ಬ ಹೇಳಿಹೋದ. ದೊಡ್ಡವ್ವ ಅವತ್ತು ಹೋಳಿಗೆ ಮಾಡಿ 'ತಿನು ಮರಿ' ಅಂದಳು. ನಾನು ಗಂಗಾಳದ ಮುಂದೆ ಕೂತು ಅಳುತ್ತ ತಿಂದೆ. ಅತ್ತರೂ ಹೋಳಿಗೆ ರುಚಿಯಾಗಿಯೇ ಇತ್ತು, ಮರಿ ಅನ್ನುವವರು ಒಬ್ಬರು ಇದ್ದಾರಲ್ಲ ಎಂದು.

ಅದಾದ ಸ್ವಲ್ಪ ದಿನಕ್ಕೆ ಶಾಲೆಯಲ್ಲಿ ನಮಗೆ ಒಂದು ಕತೆ ಬಂತು. ಒಬ್ಬ ಹುಡುಗಿ, ಅವಳು ಸಾಕಿದ ಜಿಂಕೆ. ಜಿಂಕೆ ಕಾಡಿಗೆ ಹೋಗುತ್ತದೆ, ಹುಡುಗಿ ಬಾಗಿಲಲ್ಲಿ ಕೂತು ಕರೆಯುತ್ತಾಳೆ, ಕೊನೆಗೆ ಜಿಂಕೆ ಓಡೋಡಿ ಬರುತ್ತದೆ. ಮಕ್ಕಳ ಕತೆಗಳಲ್ಲಿ ಜಿಂಕೆಗಳು ಹಾಗೆಯೇ, ಕರೆದರೆ ಬರುತ್ತವೆ. ಇದು ನನ್ನದೇ ಕತೆ ಎಂದು ನನಗೆ ಹುರುಪು. ಯಾವತ್ತೂ ಬಾಯಿ ಬಿಡದ ನಾನು ಓದುತ್ತೇನೆಂದು ಕೈ ಎತ್ತಿದೆ. ಒಂದು ಸಾಲು 'ಮರಿ ಜಿಂಕ ಏಮೈಂದಿ?' ಅಂತ ಇತ್ತು. ನಾನು ಮರಿಯನ್ನೂ ಜಿಂಕೆಯನ್ನೂ ಕೂಡಿಸಿ, ಮುದ್ದು ಮಾಡಿ ಓದಿದೆ. ಸಾರ್ ತಡೆದು, ಮರಿ ಅಂದರೆ ಏನಮ್ಮಾ ಎಂದು ತೆಲುಗಿನಲ್ಲಿ ಕೇಳಿದರು.

"ಪಿಲ್ಲ," ಅಂದೆ. ಚಿಕ್ಕದು, ಕೂಸು ಅನ್ನುವ ಅರ್ಥದಲ್ಲಿ.

ತರಗತಿಗೆ ತರಗತಿಯೇ ನಕ್ಕಿತು. ಸಾರ್ ನಗಲಿಲ್ಲ, ಒಳ್ಳೆಯವರು. ಮರಿ ಅನ್ನುವುದಕ್ಕೆ ತೆಲುಗಿನಲ್ಲಿ ಅಂಥ ಅರ್ಥವೇನೂ ಇಲ್ಲ, 'ಹಾಗಾದರೆ', 'ಮತ್ತೆ' ಅನ್ನುತ್ತೇವಲ್ಲ, ಮಾತಿಗೆ ಜೊತೆಗಿರಲಿ ಎಂದು ಹಾಕುವುದು, ಅಷ್ಟೇ, ಆ ಸಾಲು 'ಮತ್ತೆ ಜಿಂಕೆ ಏನಾಯಿತು?' ಅಂತ ಎಂದು ಬಿಡಿಸಿ ಹೇಳಿದರು. ಮುಂದೆ ನಾನೇ ಎಷ್ಟೋ ತಂಡ ಮಕ್ಕಳಿಗೆ ಇದನ್ನೇ ಅವ್ಯಯ ಎಂದು ಕಲಿಸಿದೆ.

ಅವತ್ತು ಮನೆಗೆ ಬರುವ ದಾರಿಯಲ್ಲಿ ದೊಡ್ಡವ್ವನ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂತು, ಬಂದದ್ದೆಲ್ಲ ಬದಲಾಗಿ ಬಂತು. ಕುಡಿ ಮತ್ತೆ. ತಿನ್ನು ಮತ್ತೆ. ಬಾ ಮತ್ತೆ. ಮಲಗು ಹಾಗಾದರೆ. ಆಡು ಹಾಲು ಕೊಡದೆ ಒದ್ದಾಗ 'ನಿಲಬಡು ಮರಿ' ಅನ್ನುತ್ತಿದ್ದಳು, ಬಸ್ಸು ನಿಲ್ಲಿಸಲು ಬಸ್ಸಿನವನಿಗೂ 'ಆಪು ಮರಿ' ಅಂದಿದ್ದಳು. ಕೇಳಿಸಿರಲಿಲ್ಲವೇ ನನಗೆ? ಕೇಳಿಸಿತ್ತು. ಬೇಡವಾದದ್ದನ್ನು ಕಿವಿ ಒಳಗೆ ಬಿಟ್ಟುಕೊಂಡಿರಲಿಲ್ಲ. ಅವ್ವ ಹೋದ ದಿನವೂ ಅಷ್ಟು ಒಂಟಿ ಅನಿಸಿರಲಿಲ್ಲ. ಅವತ್ತು ಅವ್ವ ಇರಲಿಲ್ಲ, ಈಗ ನಾನೇ ಇರಲಿಲ್ಲ. ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಎಂದು ಕರೆದಿರಲಿಲ್ಲ.

ಮನೆ ಮುಟ್ಟಿದಾಗ ಚಿಗರಿ ನಡುಮನೆಯಲ್ಲಿ ಮಲಗಿತ್ತು. ಹಿತ್ತಿಲ ಬಾಗಿಲಾಚೆ, ಕಡಲೆ ಹೊಲದ ಕೊನೆಗೆ, ಚಿಗರಿಗಳ ಹಿಂಡೊಂದು ಎರಡು ದಿನದಿಂದ ಬೀಡುಬಿಟ್ಟಿತ್ತು. ನಮ್ಮದು ಆ ಕಡೆಗೇ ಕಿವಿ ತಿರುಗಿಸಿಕೊಂಡಿತ್ತು. ನಾನು ಹೋಗಿ ಬಾಗಿಲ ಹತ್ತಿರದ ಗೋಣಿಚೀಲಗಳನ್ನು ಎಳೆದು ಮಡಿಸಿ ಮೂಲೆಗೆ ಹಾಕಿದೆ. ಅಡಿಗೆಮನೆಯಿಂದ ಹೊಸ್ತಿಲವರೆಗೆ ಬರೀ ಬಂಡೆ. ಚಿಗರಿ ಗೋಣಿ ಮುಗಿದಲ್ಲಿಗೆ ಬಂದು ನಿಂತಿತು. ಒಂದು ಕಾಲು ಮುಂದಿಟ್ಟು ಜಾರಿ ಹಿಂದೆಗೆದುಕೊಂಡಿತು. ಅಷ್ಟೊತ್ತಿಗೆ ದೊಡ್ಡವ್ವ ಹೊಲದಿಂದ ಬಂದಳು. ನೆಲ ನೋಡಿದಳು, ನನ್ನನ್ನು ನೋಡಿದಳು.

"ಪೋನೀ," ಅಂದಳು. ಹೋಗಲಿ ಬಿಡು ಎಂದು.

ನಾನು ಬಾಗಿಲಿಗೆ ಅಡ್ಡ ಕೂತು ಕನ್ನಡದಲ್ಲಿ ಕೂಗಿದೆ:

"ಬಿಡಂಗಿಲ್ಲ. ಇದು ನನ್ನ ಮರಿ. ನಿನ್ನ ಮರಿ ಸುಳ್ಳು. ನೀ ಆಡಿಗೂ ಮರಿ ಅಂತಿ, ಬಸ್ಸಿನವಂಗೂ ಮರಿ ಅಂತಿ. ನಾ ತಿಳಕೊಂಡಿದ್ದೆ ನನಗ ಅಂತಿ ಅಂತ. ಅವ್ವ ನನ್ನ ಬಿಟ್ಟು ಹೋದ್ಲು, ನೀನೂ ನನ್ನ ಕರದಿಲ್ಲ. ಇದೂ ಹೋದ್ರ ನಾ ಯಾರ ಕೂಡ ಮಾತಾಡ್ಲಿ?"

ದೊಡ್ಡವ್ವ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಇಳಿಸದೆ ನಿಂತೇ ಇದ್ದಳು. ಆಕೆಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯಲಿಲ್ಲ. ಆಮೇಲೆ ಹೊರೆ ಇಳಿಸಿ, ಕಾಲು ತೊಳೆದು, ಒಲೆ ಹೊತ್ತಿಸಿದಳು. ಆ ರಾತ್ರಿ ಗಂಗಾಳ ನನ್ನ ಮುಂದಿಟ್ಟು 'ತಿನು' ಅಂದಳು. ಅಷ್ಟೇ. ಮರಿ ಅನ್ನಲಿಲ್ಲ. ಬರೀ 'ತಿನು' ಎಷ್ಟು ಸಣ್ಣ ಮಾತೆಂದು ನನಗೆ ಆಗ ತಿಳಿಯಿತು. ಸುಳ್ಳು ಮರಿಯಾದರೂ ಇರಬೇಕಿತ್ತು ಅನಿಸಿತು.

ಬೆಳಿಗ್ಗೆ ಎದ್ದು ನೋಡಿದರೆ ಗೋಣಿಚೀಲಗಳು ಮತ್ತೆ ಹಾಸಿದ್ದವು, ಮೊದಲಿಗಿಂತ ಒಪ್ಪವಾಗಿ, ಹೊಸ್ತಿಲಿನವರೆಗೆ. ದೊಡ್ಡವ್ವ ವಿಭೂತಿ ಹಚ್ಚುತ್ತಿದ್ದಳು. ತನಗೆ, ನನಗೆ, ಆಮೇಲೆ ಚಿಗರಿಯ ಹಣೆಗೆ ಮೂರು ಗೆರೆ ನಿಧಾನವಾಗಿ ಎಳೆದಳು. ಅದು ಗೋಣಿಯ ಮೇಲೆ ನಡೆದು ಹೊಸ್ತಿಲು ದಾಟಿತು. ಒಡ್ಡು ದಾಟಿತು. ಹಿಂಡಿನ ಹತ್ತಿರ ಹೋಗಿ ಸ್ವಲ್ಪ ದೂರದಲ್ಲಿ ನಿಂತಿತು, ಹೊಸ ಶಾಲೆಗೆ ಬಂದ ಹುಡುಗಿಯ ಹಾಗೆ. ಹಿಂಡಿನಲ್ಲೊಂದು ಬಂದು ಅದನ್ನು ಮೂಸಿ ಹೋಯಿತು. ಎಲ್ಲ ಒಟ್ಟಿಗೆ ತಲೆ ತಗ್ಗಿಸಿದವು, ಅದೂ ತಗ್ಗಿಸಿತು. ಬಾಗಿಲಿಗೆ ಅಡ್ಡ ಕೂರಬೇಕೆಂದು ಎದ್ದವಳು ಅದರ ನಡಿಗೆ ನೋಡುತ್ತ ಹಾಗೆಯೇ ನಿಂತುಬಿಟ್ಟೆ.

ಸಂಜೆ ಒಡ್ಡಿನ ಮೇಲೆ ಹೋಗಿ ಕೂತೆ. ಕತೆಯ ಹುಡುಗಿ ಕರೆದಂತೆ ಕರೆದೆ. ಮರೀ, ಮರೀ ಎಂದು ಗಂಟಲು ಒಣಗುವವರೆಗೆ. ಹಿಂಡು ದೂರ ಸರಿದಿತ್ತು. ಹಣೆಯ ವಿಭೂತಿಯಿಂದ ನಮ್ಮದನ್ನು ಗುರುತು ಹಿಡಿಯಬಹುದೆಂದು ನೋಡಿದೆ, ಆದರೆ ಚಿಗರಿಗಳ ಕಣ್ಣ ಸುತ್ತ ಮೊದಲೇ ಬಿಳುಪು. ಅಷ್ಟು ದೂರಕ್ಕೆ ಎಲ್ಲವೂ ವಿಭೂತಿ ಹಚ್ಚಿಕೊಂಡಂತೆಯೇ ಕಂಡವು. ಒಂದೂ ತಲೆ ಎತ್ತಲಿಲ್ಲ. ಹೊತ್ತು ಮುಳುಗುತ್ತ ಬಂತು. ಬೊಂಬಾಯಿ ಯಾವ ದಿಕ್ಕಿಗಿದೆ ಎಂದು ಬೀರಪ್ಪ ಒಮ್ಮೆ ತೋರಿಸಿದ್ದ, ಆ ಹಿಂಡು ಆ ದಿಕ್ಕಿಗೇ ಹೋಗುತ್ತಿತ್ತು. ನಾನು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡು ಕೂತುಬಿಟ್ಟೆ.

"ಮರೀ..."

ಹಿತ್ತಿಲ ಕಡೆಯಿಂದ ದನಿ. ದೊಡ್ಡವ್ವ ಬಾಗಿಲು ಬಿಟ್ಟು ಹೊಲದೊಳಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕರೆಯುತ್ತಿದ್ದಳು.

"ಮರೀ... ಮನಿಗಿ ಬಾ."

ನಾನು ತಲೆ ಎತ್ತಲಿಲ್ಲ. ಈಕೆಗೂ ಚಿಗರಿ ಬೇಕಾಯಿತೇ ಈಗ, ತಾನೇ ದಾರಿ ಹಾಸಿ ಕಳಿಸಿದವಳಿಗೆ, ಎಂದು ಸಿಟ್ಟು ಬಂತು. ಆಕೆ ಒಡ್ಡಿನವರೆಗೆ ಬಂದು ನನ್ನ ಪಕ್ಕ ನಿಂತಳು. ಏದುಸಿರು ಬಿಡುತ್ತಿದ್ದಳು.

"ಅದು ಬರಂಗಿಲ್ಲ," ಅಂದೆ. "ನಾನೂ ಕರದೆ. ಅದಕ್ಕ ಕೇಳ್ಸವಲ್ದು."

"ಅದನ್ನ ನಾ ಕರದಿಲ್ಲ," ಅಂದಳು ದೊಡ್ಡವ್ವ. ಒಂದೊಂದು ಮಾತನ್ನೂ ಹೊಸ್ತಿಲು ದಾಟುವವಳಂತೆ ನೋಡಿ ನೋಡಿ ಇಟ್ಟಳು. "ನಿನ್ನ ಕರದೆ."

ಆಗ ಗೊತ್ತಾಯಿತು, ಆಕೆ ಕರೆದದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಅಷ್ಟು ವರ್ಷ ಆಡದೇ ಇದ್ದ ಭಾಷೆಯಲ್ಲಿ. ಅದಾದ ಮೇಲೂ ನಾನು ಆಕೆಯ ಬಾಯಲ್ಲಿ ಇನ್ನೊಮ್ಮೆ ಕನ್ನಡ ಕೇಳಲಿಲ್ಲ. ಉಗಾದಿಗೆ ಅವ್ವ ಬಂದಾಗ ಈ ಸಂಗತಿ ಹೇಳಿದರೆ, ಕನಸು ಕಂಡೀ ಹುಚ್ಚಿ ಎಂದು ಅವಳು ನಂಬಲೇ ಇಲ್ಲ.

ಆಕೆ ಕೈ ಹಿಡಿಯಲಿಲ್ಲ, ಮುಂದೆ ನಡೆದಳು. ನಾನು ಹಿಂದೆ ಹೋದೆ. ಹಿತ್ತಿಲ ಬಾಗಿಲಿಂದ ಅಡಿಗೆಮನೆಯವರೆಗೆ ಗೋಣಿಚೀಲಗಳು ಹಾಗೆಯೇ ಇದ್ದವು. ಅವತ್ತು ನಾನೂ ಬಂಡೆ ಬಿಟ್ಟು ಅವುಗಳ ಮೇಲೆಯೇ ನಡೆದೆ. ದೊಡ್ಡವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಗಂಗಾಳಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ನನ್ನ ಕಡೆ ಸರಿಸಿದಳು.

"ತಿನು ಮರಿ."

ಯಾವ ಭಾಷೆಯ ಮರಿ ಎಂದು ನಾನು ಕೇಳಲಿಲ್ಲ. ತಿಂದೆ.